ಮೂವತ್ತು ಮೀಟರಿನ ಬೆಣೆಯೋ, ನಾಲ್ಕು ಮೀಟರಿನ ಬೆಣೆಯೋ?

ಪ್ರಶ್ನೆ: ಘಟ್ಟದ ರಸ್ತೆಯೊಂದನ್ನು ಅಗಲಗೊಳಿಸುವ ಕಾಮಗಾರಿಯಲ್ಲಿ ನಾನು ಭೂವಿಜ್ಞಾನಿ. ಪದರಪದರವಾದ ನೈಸ್ ಬಂಡೆಯಲ್ಲಿ 30 ಮೀಟರ್ ಎತ್ತರದ ಕಟಿಂಗ್, ಅಂದರೆ ರಸ್ತೆಗೆಂದು ಕಡಿದ ಬಂಡೆಯ ಗೋಡೆ, ಇದೆ. ತಲಾ 10 ಮೀಟರಿನ ಮೂರು ಹಂತ, ಹಂತಗಳ ನಡುವೆ 3 ಮೀಟರ್ ಅಗಲದ ಬರ್ಮ್ (ಸಮತಟ್ಟಾದ ಜಗಲಿ). ಮುಖದ ಓರೆ 75 ಡಿಗ್ರಿ, ದಕ್ಷಿಣಕ್ಕೆ. ಮುಖ್ಯವಾದ ಎರಡು ಜಾಯಿಂಟ್ (ಬಂಡೆಯ ಸಹಜ ಬಿರುಕು) ಗುಂಪುಗಳಿಗೂ ಡಿಪ್, ಅಂದರೆ ಇಳಿಜಾರಿನ ಕೋನ, 55 ಡಿಗ್ರಿ. ಡಿಪ್ ದಿಕ್ಕು, ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿದರೆ, ಒಂದಕ್ಕೆ 130 ಡಿಗ್ರಿ, ಇನ್ನೊಂದಕ್ಕೆ 230. ಲ್ಯಾಬಿನಿಂದ ಬಂದ ಕೊಹೆಷನ್ (ಬಿರುಕಿನ ಎರಡು ಬದಿಗಳ ನಡುವಿನ ಅಂಟುಬಲ) 25 ಕಿಲೋಪಾಸ್ಕಲ್, ಘರ್ಷಣ ಕೋನ (ಬರೀ ಘರ್ಷಣೆಯಿಂದ ನಿಲ್ಲಬಲ್ಲ ಓರೆ) 30 ಡಿಗ್ರಿ. ಇವನ್ನು ಎಸ್‌ವೆಜ್ ತಂತ್ರಾಂಶಕ್ಕೆ ಕೊಟ್ಟರೆ ಸುಮಾರು 5,100 ಘನ ಮೀಟರಿನ ಬೆಣೆ, ಅಂದರೆ ಎರಡು ಜಾಯಿಂಟ್ ನಡುವೆ ಸಿಕ್ಕು ಜಾರಬಲ್ಲ ಬಂಡೆಯ ತುಂಡು, ಬರುತ್ತದೆ, ಸುರಕ್ಷತಾ ಗುಣಾಂಕ (ತಡೆಯುವ ಬಲ ಭಾಗಿಸು ಜಾರಿಸುವ ಬಲ) 1.14. ಅಷ್ಟು ದೊಡ್ಡದು ಜಾರಿದ ಗುರುತು ಇಲ್ಲೆಲ್ಲೂ ಇಲ್ಲ. ಮಳೆಗಾಲದಲ್ಲಿ ಆಳೆತ್ತರದಿಂದ ಹಿಡಿದು ಮೂರ್ನಾಲ್ಕು ಮೀಟರ್‌ವರೆಗಿನ ಬೆಣೆಗಳು ಕಳಚಿ ಬಿದ್ದ ಪೊಟರೆಗಳು ಮಾತ್ರ ಕಾಣುತ್ತವೆ. ಟ್ರೇಸ್ (ಮುಖದ ಮೇಲೆ ಕಾಣುವ ಜಾಯಿಂಟಿನ ಗೆರೆ) ಉದ್ದಕ್ಕೆ 5 ಮೀಟರ್ ಮಿತಿ ಹಾಕಿದರೆ ಬೆಣೆ 12 ಘನ ಮೀಟರಿಗೆ ಇಳಿದು ಗುಣಾಂಕ 3.26ಕ್ಕೆ ಏರುತ್ತದೆ, ಬರ್ಮ್ ಅಗಲದ ಮಿತಿ ಹಾಕಿದರೆ ಮತ್ತೊಂದು ಉತ್ತರ. ಗಾತ್ರವನ್ನು ಹಿಡಿತದಲ್ಲಿಡುವ ಸರಿಯಾದ ಕ್ರಮ ಯಾವುದು, ವರದಿಯಲ್ಲಿ ಯಾವ ಅಂಕಿ ಬರೆಯಬೇಕು? ಕಟಿಂಗಿನ ಪೂರ್ವ ತುದಿಯಲ್ಲಿ ಒಂದು ಡಾಲರೈಟ್ ಡೈಕ್ (ಬಂಡೆಯನ್ನು ಸೀಳಿ ನುಗ್ಗಿ ಗಟ್ಟಿಯಾದ ಕಪ್ಪು ಶಿಲೆಯ ಪಟ್ಟಿ) ಕೂಡ ಇದೆ.

ಉತ್ತರ: ನೀವು ಕೊಟ್ಟ ಎರಡು ಅಂಕಿಗಳಲ್ಲಿ ಯಾವುದನ್ನೂ ಒಂಟಿಯಾಗಿ ವರದಿಗೆ ಹಾಕಬೇಡಿ. 1.14 ಎಂಬುದು ನಿಮ್ಮ ಕಟಿಂಗಿನಲ್ಲಿ ಬಹುಶಃ ಇಲ್ಲದ ಬೆಣೆಯೊಂದರ ಲೆಕ್ಕ. 3.26 ಎಂಬುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಅದನ್ನು ನಿಮ್ಮ ಮುಖದ ಮೇಲಿನ ಪೊಟರೆಗಳೇ ಸುಳ್ಳು ಮಾಡಿವೆ. ಮೂರು ಪಟ್ಟು ಭದ್ರವಾಗಿರಬೇಕಾದ ಬೆಣೆಗಳು ಪ್ರತಿ ಮಳೆಗಾಲದಲ್ಲೂ ಕಳಚಿ ಬೀಳುತ್ತಿವೆ ಎಂದಾದರೆ, ಗಾತ್ರದ ಆಯ್ಕೆಯ ಪ್ರಶ್ನೆಯ ಹಿಂದೆ ಬಲದ ಅಂಕಿಗಳ ಪ್ರಶ್ನೆಯೊಂದು ಅಡಗಿದೆ ಎಂದೇ ಅರ್ಥ. ಹಾಗಾಗಿ ಎರಡನ್ನೂ ಜೊತೆಯಾಗಿಯೇ ನೋಡಬೇಕಾಗುತ್ತದೆ.

ಮೊದಲು ತಂತ್ರಾಂಶ ಏನು ಮಾಡುತ್ತಿದೆ ಎಂಬುದು. ಟೊರಾಂಟೊದ ರಾಕ್‌ಸೈನ್ಸ್ ಸಂಸ್ಥೆಯ ಎಸ್‌ವೆಜ್ ಆಗಲಿ, ಅದೇ ಬಗೆಯ ಬೇರೆ ತಂತ್ರಾಂಶವಾಗಲಿ, ಎರಡು ಜಾಯಿಂಟ್ ತಲಗಳು, ಇಳಿಜಾರಿನ ಮುಖ ಮತ್ತು ಮೇಲಿನ ನೆಲ ಈ ನಾಲ್ಕರಿಂದ ಆವೃತವಾದ ಚತುರ್ಮುಖಿಯೊಂದನ್ನು ಕಟ್ಟುತ್ತದೆ. ಜಾಯಿಂಟ್‌ಗಳು ಎಲ್ಲಿ ಬೇಕಾದರೂ ಇರಬಹುದು, ಎಷ್ಟು ದೂರ ಬೇಕಾದರೂ ಸಾಗಬಹುದು ಎಂಬುದು ಅದರ ಮೂಲ ಊಹೆ. ನೀವು ಬೇರೇನೂ ಹೇಳದಿದ್ದರೆ, ಕೊಟ್ಟ ಎತ್ತರದಲ್ಲಿ ಹಿಡಿಸಬಹುದಾದ ಅತಿ ದೊಡ್ಡ ಬೆಣೆಯನ್ನು ಅದು ತೋರಿಸುತ್ತದೆ. ಆ ಬೆಣೆ ನಿಮ್ಮ ಬಂಡೆಯೊಳಗೆ ಇದೆ ಎಂದು ಅದು ಹೇಳುತ್ತಿಲ್ಲ. ಜಾಯಿಂಟ್‌ಗಳು ಅಷ್ಟು ಉದ್ದವಿದ್ದರೆ ಇಂಥದೊಂದು ಇರಬಹುದು ಎಂದಷ್ಟೇ ಹೇಳುತ್ತಿದೆ. ಆ ‘ಇದ್ದರೆ’ ಎಂಬ ಪದಕ್ಕೆ ಉತ್ತರ ಕೊಡಬೇಕಾದವರು ಕಟಿಂಗಿನ ಬುಡದಲ್ಲಿ ನಿಂತಿರುವ ನೀವು.

ನಿಮ್ಮ ಜ್ಯಾಮಿತಿಯನ್ನು ಕೈಲೆಕ್ಕದಲ್ಲಿ ಬಿಡಿಸಿ ನೋಡಿದೆ. ಎರಡೂ ಜಾಯಿಂಟ್‌ಗಳು ಸಮಮಿತಿಯಲ್ಲಿರುವುದರಿಂದ ಅವೆರಡೂ ಕೂಡುವ ಛೇದನ ರೇಖೆ ನೇರ ದಕ್ಷಿಣಕ್ಕೆ 42.5 ಡಿಗ್ರಿಯಲ್ಲಿ ಇಳಿಯುತ್ತದೆ. ಮುಖದ ಓರೆಗಿಂತ ಕಡಿಮೆ, ಘರ್ಷಣ ಕೋನಕ್ಕಿಂತ ಹೆಚ್ಚು. ಜಾರಲು ಬೇಕಾದ ಎರಡು ಷರತ್ತುಗಳೂ ಪೂರೈಸುತ್ತವೆ. ಇನ್ನು ಬೆಣೆಯ ಎತ್ತರವನ್ನು ಒಂದು ಎಂದು ಹಿಡಿದರೆ, ಮುಖದ ಮೇಲೆ ಕಾಣುವ ಪ್ರತಿ ಜಾಯಿಂಟಿನ ಗೆರೆ, ಅಂದರೆ ಟ್ರೇಸ್, 1.24 ಆಗುತ್ತದೆ, ಒಳಗಿನ ಛೇದನ ರೇಖೆ 1.48 ಆಗುತ್ತದೆ, ಬೆಣೆಯ ಬೆನ್ನು ಅಂಚಿನಿಂದ 0.82ರಷ್ಟು ಹಿಂದಕ್ಕೆ ಹೋಗುತ್ತದೆ. ಗಾತ್ರವು ಎತ್ತರದ ಘನದ 0.189 ಪಟ್ಟು. ಈ ನಾಲ್ಕು ಅನುಪಾತಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಉಳಿದ ಮಾತೆಲ್ಲ ಇವುಗಳ ಸುತ್ತಲೇ ಸುತ್ತುತ್ತದೆ. ಮೂವತ್ತು ಮೀಟರಿನ ಬೆಣೆ ನಿಜವಾಗಬೇಕಾದರೆ ಮುಖದ ಮೇಲೆ 37 ಮೀಟರ್ ಉದ್ದದ ಎರಡು ಗೆರೆಗಳು ಬರ್ಮ್‌ಗಳನ್ನು ದಾಟಿ, ಎಲ್ಲಿಯೂ ಕಡಿಯದೆ, ಕೆಳಗೆ ಒಂದೇ ಬಿಂದುವಿನಲ್ಲಿ ಕೂಡಬೇಕು; ಒಳಗೆ ಆ ತಲಗಳು 44 ಮೀಟರಿನಷ್ಟು ಸಾಗಿರಬೇಕು. ಅಂತಹ ಗೆರೆಗಳಿದ್ದರೆ ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತಿದ್ದವು.

ಇನ್ನೊಂದು ಸಣ್ಣ ತಿದ್ದುಪಡಿ. ನೀವು 30 ಮೀಟರ್ ಎತ್ತರಕ್ಕೆ 75 ಡಿಗ್ರಿ ಓರೆಯನ್ನೇ ಕೊಟ್ಟಿದ್ದೀರಿ. ಎರಡು ಬರ್ಮ್‌ಗಳನ್ನು ಸೇರಿಸಿದರೆ ಬುಡದಿಂದ ಅಂಚಿನವರೆಗಿನ ಒಟ್ಟು ಓರೆ ಸುಮಾರು 65 ಡಿಗ್ರಿ ಮಾತ್ರ. ಪೂರ್ಣ ಎತ್ತರದ ಬೆಣೆಯನ್ನು ನೋಡುವಾಗ ಈ ಒಟ್ಟು ಓರೆಯನ್ನೇ ಬಳಸಬೇಕು. ಆಗ ಗಾತ್ರ 5,100ರಿಂದ 2,900 ಘನ ಮೀಟರಿಗೆ ಇಳಿಯುತ್ತದೆ, ಗುಣಾಂಕ 1.24 ಆಗುತ್ತದೆ. ಯಾವ ಮಿತಿಯನ್ನೂ ಹಾಕದೆ, ಕಟಿಂಗನ್ನು ಇದ್ದಂತೆ ವಿವರಿಸಿದ್ದರಿಂದಲೇ ಸಿಕ್ಕ ಇಳಿಕೆ ಇದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಗಾತ್ರ ಬದಲಾದರೆ ಗುಣಾಂಕ ಏಕೆ ಬದಲಾಗಬೇಕು? ಒಂದು ಪ್ರಯೋಗ ಮಾಡಿ: ಕೊಹೆಷನ್ನನ್ನು ಸೊನ್ನೆ ಮಾಡಿ, ಒಣ ಸ್ಥಿತಿಯಲ್ಲಿ, ಬಂಡೆಗೆ ಜಡಿಯುವ ಬೋಲ್ಟ್ ಇಲ್ಲದೆ, ಎತ್ತರವನ್ನು 30, 10, 4 ಎಂದು ಬದಲಿಸುತ್ತ ಹೋಗಿ. ಮೂರು ಬಾರಿಯೂ ಉತ್ತರ 0.81. ಘರ್ಷಣೆಯೂ ತೂಕದಿಂದಲೇ ಹುಟ್ಟುತ್ತದೆ, ಜಾರಿಸುವ ಬಲವೂ ತೂಕದಿಂದಲೇ ಹುಟ್ಟುತ್ತದೆ. ಎರಡೂ ಎತ್ತರದ ಘನದಂತೆ ಬೆಳೆಯುವುದರಿಂದ ಗಾತ್ರ ಹೊಡೆದುಹೋಗುತ್ತದೆ. ಕೊಹೆಷನ್ ಹಾಗಲ್ಲ. ಅದು ತಲದ ವಿಸ್ತೀರ್ಣಕ್ಕೆ ಅಂಟಿಕೊಂಡಿರುವ ಬಲವಾದ್ದರಿಂದ ಎತ್ತರದ ವರ್ಗದಂತೆ ಬೆಳೆಯುತ್ತದೆ. ಘನದಂತೆ ಬೆಳೆಯುವ ತೂಕದಿಂದ ಅದನ್ನು ಭಾಗಿಸಿದಾಗ, ಬೆಣೆ ಚಿಕ್ಕದಾದಷ್ಟೂ ಕೊಹೆಷನ್ನಿನ ಪಾಲು ಉಬ್ಬುತ್ತದೆ. ನಿಮ್ಮ ಜ್ಯಾಮಿತಿಯಲ್ಲಿ 25 ಕಿಲೋಪಾಸ್ಕಲ್‌ನಿಂದ ಬರುವ ಪಾಲು 9.86 ಭಾಗಿಸು ಎತ್ತರ. ಅಂದರೆ 30 ಮೀಟರಿಗೆ 0.33, 10 ಮೀಟರಿಗೆ 0.99, 4 ಮೀಟರಿಗೆ 2.47. ನಿಮ್ಮ 3.26ರಲ್ಲಿ ನಾಲ್ಕರಲ್ಲಿ ಮೂರು ಪಾಲು ಕೊಹೆಷನ್ನಿನದೇ.

ಇದರ ಅಪಾಯವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನೀವು ಟ್ರೇಸ್ ಉದ್ದವನ್ನು 17.7 ಮೀಟರ್ ಎಂದು ಕೊಟ್ಟು ನೋಡಿ, ಗುಣಾಂಕ ಸರಿಯಾಗಿ 1.50 ಬರುತ್ತದೆ. ಒಮ್ಮೆ ಪರಿಶೀಲನೆಗೆಂದು ನನ್ನ ಮೇಜಿಗೆ ಬಂದ ವರದಿಯೊಂದರಲ್ಲಿ ಜಾಯಿಂಟ್ ಉದ್ದವನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ನಮೂದಿಸಿದ್ದರು. ಬಂಡೆಯ ಮೇಲೆ ಟೇಪ್ ಹಿಡಿದವರು ಯಾರೂ ಹಾಗೆ ಬರೆಯುವುದಿಲ್ಲ. ಗುಣಾಂಕದ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 1.50 ಎಂದೇ ಇತ್ತು. ಬೇಕಾದ ಉತ್ತರದಿಂದ ಹಿಂದಕ್ಕೆ ನಡೆದು ಉದ್ದವನ್ನು ಹುಡುಕಿದ್ದರೆಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹಾಗಾದರೆ ಆ 25 ಕಿಲೋಪಾಸ್ಕಲ್ ಎಲ್ಲಿಂದ ಬಂತು? ಲ್ಯಾಬಿನ ಡೈರೆಕ್ಟ್ ಶಿಯರ್ (ಒತ್ತಿ ಜಾರಿಸಿ ನೋಡುವ) ಪರೀಕ್ಷೆಯಲ್ಲಿ ಅಂಗೈ ಅಗಲದ ಮಾದರಿಯ ಮೇಲೆ ನೂರಾರು ಕಿಲೋಪಾಸ್ಕಲ್ ಲಂಬ ಒತ್ತಡ ಹೇರಿ, ಸಿಕ್ಕ ಮೂರೋ ನಾಲ್ಕೋ ಬಿಂದುಗಳ ಮೂಲಕ ಸರಳರೇಖೆ ಎಳೆದು, ಅದು ಲಂಬ ಅಕ್ಷವನ್ನು ಮುಟ್ಟಿದ ಜಾಗವನ್ನು ಕೊಹೆಷನ್ ಎಂದು ಬರೆಯುವುದು ವಾಡಿಕೆ. ನಿಮ್ಮದೂ ಹಾಗೆಯೇ ಬಂದಿರಬೇಕು. ಆದರೆ ಒರಟಾದ ಜಾಯಿಂಟಿನ ಬಲದ ಗೆರೆ ಸರಳರೇಖೆಯಲ್ಲ. ಒತ್ತಡ ಕಡಿಮೆಯಾದಂತೆ ಅದು ಬಾಗಿ ಮೂಲಬಿಂದುವಿಗೆ ಇಳಿಯುತ್ತದೆ. ನಿಮ್ಮ ಬೆಣೆಯ ತಲಗಳ ಮೇಲಿನ ಸರಾಸರಿ ಲಂಬ ಒತ್ತಡ, ಎತ್ತರದ ಪ್ರತಿ ಮೀಟರಿಗೆ ಸುಮಾರು 3.5 ಕಿಲೋಪಾಸ್ಕಲ್. ಮೂವತ್ತು ಮೀಟರಿನ ಬೆಣೆಯಲ್ಲಿ ಅದು 106, ಲ್ಯಾಬಿನ ವ್ಯಾಪ್ತಿಗೆ ಹತ್ತಿರವಾದರೂ ಇದೆ. ನಾಲ್ಕು ಮೀಟರಿನ ಬೆಣೆಯಲ್ಲಿ ಬರೀ 14. ಅಳೆಯದೇ ಇದ್ದ ಜಾಗಕ್ಕೆ ಸ್ಕೇಲು ಹಿಡಿದು ಎಳೆದ ಗೆರೆಯ ತುದಿಯಲ್ಲಿ ನಿಮ್ಮ ಸಣ್ಣ ಬೆಣೆ ನೇತಾಡುತ್ತಿದೆ.

ಇದನ್ನು, ಆ ಬಾಗಿದ ಗೆರೆಯನ್ನು ಹಿಡಿಯುವ ಬಾರ್ಟನ್–ಬ್ಯಾಂಡಿಸ್ ಸೂತ್ರದಿಂದ ಮತ್ತೊಮ್ಮೆ ಲೆಕ್ಕ ಹಾಕಿದೆ. ಉದಾಹರಣೆಗೆಂದು ಒರಟುತನದ ಅಂಕ ಜೆಆರ್‌ಸಿ 6, ಗೋಡೆಯ ಬಲ ಜೆಸಿಎಸ್ 50 ಮೆಗಾಪಾಸ್ಕಲ್, ಉಳಿಕೆ ಘರ್ಷಣ ಕೋನ 28 ಡಿಗ್ರಿ ಎಂದು ಹಿಡಿದಿದ್ದೇನೆ; ನಿಮ್ಮ ಬಂಡೆಯ ಅಂಕಿಗಳನ್ನು ಒರಟುತನ ಅಳೆಯುವ ಪ್ರೊಫೈಲ್ ಬಾಚಣಿಗೆಯಿಂದಲೂ ಗೋಡೆಯ ಬಲ ಅಳೆಯುವ ಶ್ಮಿಟ್ ಹ್ಯಾಮರಿನಿಂದಲೂ ನೀವೇ ತೆಗೆಯಬೇಕು. ಲ್ಯಾಬಿನ 10 ಸೆಂಟಿಮೀಟರ್ ಮಾದರಿಯಿಂದ 1 ಮೀಟರಿನ ತುಂಡಿಗೆ ಅಳತೆಯ ತಿದ್ದುಪಡಿ ಮಾಡಿದಾಗ ಜೆಆರ್‌ಸಿ 4.55ಕ್ಕೂ ಜೆಸಿಎಸ್ 33ಕ್ಕೂ ಇಳಿಯುತ್ತವೆ. ಇವುಗಳಿಂದ ಮೂವತ್ತು ಮೀಟರಿನ ಬೆಣೆಗೆ ಸಿಗುವ ಗುಣಾಂಕ 1.15, ಅಂದರೆ ನಿಮ್ಮ 1.14ರ ಪಕ್ಕದಲ್ಲೇ. ಆದರೆ ನಾಲ್ಕು ಮೀಟರಿನ ಬೆಣೆಗೆ ಸಿಗುವುದು 3.26 ಅಲ್ಲ, 1.32. ಅದರ ತಲಗಳಲ್ಲಿ ಮಳೆಯ ನೀರು ಪೂರ್ತಿ ತುಂಬಿತೆಂದು ಹಿಡಿದರೆ 0.74. ದೊಡ್ಡ ಬೆಣೆಯ ವಿಷಯದಲ್ಲಿ ಒಂದೇ ಮಾತನಾಡುವ ಎರಡು ಸೂತ್ರಗಳು ಸಣ್ಣ ಬೆಣೆಯ ವಿಷಯದಲ್ಲಿ ಇಷ್ಟು ದೂರ ಸರಿಯುತ್ತವೆ. ಬೇಸಿಗೆಯಲ್ಲಿ ನಿಂತು ಮಳೆಗಾಲದಲ್ಲಿ ಬೀಳುವ ನಿಮ್ಮ ಪೊಟರೆಗಳ ಕತೆಗೆ ಎರಡನೆಯ ಲೆಕ್ಕವೇ ಹೊಂದುತ್ತದೆ.

ಆದ್ದರಿಂದ ನನ್ನ ಅಭ್ಯಾಸ ಹೀಗಿದೆ: ಹತ್ತು ಮೀಟರಿಗಿಂತ ಚಿಕ್ಕ ಬೆಣೆಗಳಿಗೆ, ಶುಚಿಯಾದ, ತುಂಬುವಸ್ತು ಇಲ್ಲದ ಜಾಯಿಂಟ್‌ಗಳಾದರೆ, ಕೊಹೆಷನ್ ಸೊನ್ನೆ ಇಟ್ಟು ಒರಟುತನವನ್ನು ಕೋನದೊಳಗೇ ಸೇರಿಸುತ್ತೇನೆ. ಕೊಹೆಷನ್ನಿಗೆ ನ್ಯಾಯವಾದ ಜಾಗ ದೊಡ್ಡ ಬೆಣೆಯಲ್ಲಿದೆ. ದೊಡ್ಡ ತಲವೊಂದು ಅಖಂಡ ಜಾಯಿಂಟ್ ಆಗಿರುವುದು ಅಪರೂಪ; ಅದು ಸಾಮಾನ್ಯವಾಗಿ ಹಲವು ಚಿಕ್ಕ ಜಾಯಿಂಟ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಸೇರಿ, ನಡುನಡುವೆ ಒಡೆಯದ ಬಂಡೆಯ ಸೇತುವೆಗಳನ್ನು ಉಳಿಸಿಕೊಂಡು ಆದದ್ದು. ಆ ಸೇತುವೆಗಳ ಬಲ ನಿಜವಾದ ಕೊಹೆಷನ್. ಅನೇಕ ವರದಿಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ ಎಂಬುದನ್ನು ನೋಡಿ ಬೇಸರವಾಗುತ್ತದೆ.

ಇನ್ನು ಗಾತ್ರದ ಮಿತಿಗಳ ಬಗ್ಗೆ. ಆವೃತ್ತಿಯಿಂದ ಆವೃತ್ತಿಗೆ ಹೆಸರುಗಳೂ ಜಾಗಗಳೂ ಬದಲಾಗಬಹುದು, ತಿರುಳು ಅದೇ. ಟ್ರೇಸ್ ಉದ್ದ ಎಂಬ ಮಿತಿ ಮುಖದ ಮೇಲೆ ಕಾಣುವ ಗೆರೆಯ ಉದ್ದದ ಬಗ್ಗೆ. ಪರ್ಸಿಸ್ಟೆನ್ಸ್ ಎಂಬುದು ತಲ ಬಂಡೆಯೊಳಗೆ ಎಷ್ಟು ದೂರ ಹರಡಿದೆ ಎಂಬುದರ ಬಗ್ಗೆ. ಎರಡನ್ನೂ ಒಂದೇ ಎಂದು ತಿಳಿದು ಒಂದರ ಅಂಕಿಯನ್ನು ಇನ್ನೊಂದರ ಪೆಟ್ಟಿಗೆಯಲ್ಲಿ ತುಂಬುವುದು ಸಾಮಾನ್ಯ ತಪ್ಪು. ನಿಮ್ಮ ಬೆಣೆಯಲ್ಲಿ 5 ಮೀಟರ್ ಟ್ರೇಸ್ ಎಂದರೆ ಎತ್ತರ 4.0 ಮೀಟರ್, ಅದೇ 5 ಮೀಟರನ್ನು ಛೇದನ ರೇಖೆಯ ಉದ್ದದ ಮಿತಿ ಎಂದು ಓದಿದರೆ ಎತ್ತರ 3.4 ಮೀಟರ್. ಘನದ ಲೆಕ್ಕದಲ್ಲಿ ಅದು ಗಾತ್ರವನ್ನು ಸುಮಾರು ಶೇಕಡ 40ರಷ್ಟು ಕುಗ್ಗಿಸುತ್ತದೆ. ಎರಡು ಜಾಯಿಂಟ್‌ಗಳಿಗೆ ಬೇರೆ ಬೇರೆ ಉದ್ದ ಕೊಟ್ಟರೆ ಚಿಕ್ಕ ಬೆಣೆಯನ್ನು ಕೊಡುವ ಮಿತಿಯೇ ಗೆಲ್ಲುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ.

ಬೆಂಚ್ ಅಗಲದ ಮಿತಿ, ಅಂದರೆ ನೀವು ಹೇಳಿದ ಬರ್ಮ್ ಅಗಲದ ಮಿತಿ, ಹುಟ್ಟಿದ್ದು ತೆರೆದ ಗಣಿಗಳ ಅಗತ್ಯದಿಂದ. ಬೆಣೆಯ ಬೆನ್ನು ಬೆಂಚಿನ ಹಿಂಬದಿಯನ್ನು ಮೀರಬಾರದು ಎಂದು ಅದು ಕಟ್ಟುತ್ತದೆ. ನಿಮ್ಮಲ್ಲಿ ಬೆನ್ನು ಎತ್ತರದ 0.82ರಷ್ಟು ಹಿಂದಕ್ಕೆ ಹೋಗುವುದರಿಂದ, 3 ಮೀಟರಿನ ಬರ್ಮ್ ಕೊಟ್ಟ ತಕ್ಷಣ ಬೆಣೆ 3.65 ಮೀಟರ್ ಎತ್ತರಕ್ಕೆ ಕುಗ್ಗುತ್ತದೆ. ಗಣಿಯಲ್ಲಿ ಪ್ರಶ್ನೆ ಬೇರೆ: ಬೆಂಚಿನ ಅಂಚು ಎಷ್ಟು ಕಚ್ಚಿಹೋಗುತ್ತದೆ, ಮೇಲಿನಿಂದ ಉರುಳಿದ ಕಲ್ಲನ್ನು ಹಿಡಿಯಲು ಎಷ್ಟು ಅಗಲ ಉಳಿಯುತ್ತದೆ ಎಂಬುದು. ಅದಕ್ಕೆ ಈ ಮಿತಿ ಸರಿ. ನಿಮ್ಮ ರಸ್ತೆಯಲ್ಲಿ 3.65 ಮೀಟರಿಗಿಂತ ದೊಡ್ಡ ಬೆಣೆ ಬರ್ಮ್ ಇದೆಯೆಂಬ ಕಾರಣಕ್ಕೆ ಮಾಯವಾಗುವುದಿಲ್ಲ. ಅದು ಬರ್ಮನ್ನೂ ಸೇರಿಸಿಕೊಂಡು ಮೇಲಿನ ಹಂತದ ಬುಡವನ್ನು ಕೊರೆಯುತ್ತದೆ. ಎರಡು ಹಂತಗಳನ್ನು ತಿನ್ನುವ ಬೆಣೆಯನ್ನು ಒಟ್ಟು ಓರೆಯಲ್ಲಿ ಪ್ರತ್ಯೇಕವಾಗಿ ನೋಡಬೇಕು. ಆದ್ದರಿಂದ ಈ ಮಿತಿಯನ್ನು ಇಲ್ಲಿ ಬಳಸಬೇಡಿ.

ಗಾತ್ರ ಅಥವಾ ತೂಕವನ್ನು ನೇರವಾಗಿ ಕೊಡುವ ಆಯ್ಕೆ ಹಿಮ್ಮುಖ ವಿಶ್ಲೇಷಣೆಗೆ ಮಾತ್ರ ಒಳ್ಳೆಯದು. ಬಿದ್ದ ಬೆಣೆಯ ಪೊಟರೆಯನ್ನು ಅಳೆದು, ಆ ಗಾತ್ರವನ್ನು ಕೊಟ್ಟು, ಗುಣಾಂಕ ಒಂದಕ್ಕೆ ಇಳಿಯುವಂತೆ ಬಲದ ಅಂಕಿಗಳನ್ನು ಹುಡುಕಿ. ನಿಮ್ಮಲ್ಲಿರುವ ಪೊಟರೆಗಳು ಲ್ಯಾಬಿನ ಯಾವ ಪರೀಕ್ಷೆಗಿಂತಲೂ ಬೆಲೆಬಾಳುವ ದಾಖಲೆ. ನೀರಿನ ಊಹೆಯನ್ನು ಮಾತ್ರ ಪ್ರಾಮಾಣಿಕವಾಗಿ ಮಾಡಿ. ಟೆನ್ಷನ್ ಕ್ರ್ಯಾಕಿನ ಆಯ್ಕೆಯನ್ನು ಗಾತ್ರ ಕುಗ್ಗಿಸುವ ಕತ್ತರಿಯಂತೆ ಬಳಸುವವರಿದ್ದಾರೆ. ಅಂಚಿನ ಹಿಂದೆ ನೆಲದಲ್ಲಿ ಬಿರುಕು ಕಂಡಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ಈಗ ಉಳಿದದ್ದು ಉದ್ದ ಎಷ್ಟು ಎಂಬುದು. ಅಂತರರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಘ 1978ರಲ್ಲಿ ಸೂಚಿಸಿದ ವರ್ಗೀಕರಣದಲ್ಲಿ 1 ಮೀಟರಿಗಿಂತ ಕಡಿಮೆ, 1ರಿಂದ 3, 3ರಿಂದ 10, 10ರಿಂದ 20, ಅದಕ್ಕೂ ಮೇಲೆ ಎಂಬ ಐದು ಮೆಟ್ಟಿಲುಗಳಿವೆ. ಲಾಗ್ ಶೀಟಿಗೆ ಅದು ಸಾಕು, ಲೆಕ್ಕಕ್ಕೆ ಸಾಲದು. ಹತ್ತು ಮೀಟರಿನ ಹಂತದ ಮೇಲೆ ಉದ್ದದ ಗೆರೆಗಳ ಎರಡೂ ತುದಿಗಳು ಕಾಣುವುದಿಲ್ಲವಾದ್ದರಿಂದ, ಕಂಡಷ್ಟನ್ನೇ ಅಳೆದು ಸರಾಸರಿ ತೆಗೆದರೆ ಉದ್ದ ಕಡಿಮೆ ಬರುತ್ತದೆ. ಇದಕ್ಕೆ ನಾನು ಬಳಸುವುದು ಮಾಲ್ಡನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ವೃತ್ತದ ವಿಧಾನ. ಅಳತೆಗೋಲು ಇಟ್ಟು ತೆಗೆದ ಮುಖದ ಫೋಟೋದ ಮೇಲೆ 3 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಒಂದು ಜಾಯಿಂಟ್ ಗುಂಪಿನ ಗೆರೆಗಳು ಆ ವೃತ್ತದ ಪರಿಧಿಯನ್ನು ಎಷ್ಟು ಕಡೆ ಕಡಿಯುತ್ತವೆ ಎಂದು ಎಣಿಸಿ. ಅದೇ ಗುಂಪಿನ ಗೆರೆಗಳ ತುದಿಗಳು ವೃತ್ತದೊಳಗೆ ಎಷ್ಟಿವೆ ಎಂದೂ ಎಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ತ್ರಿಜ್ಯದಿಂದಲೂ 1.57ರಿಂದಲೂ ಗುಣಿಸಿದರೆ ಸರಾಸರಿ ಟ್ರೇಸ್ ಉದ್ದ. ಉದ್ದವನ್ನೇ ಅಳೆಯುವ ಅಗತ್ಯವಿಲ್ಲ, ಬರೀ ಎಣಿಕೆ. ಪರಿಧಿಯ ಮೇಲೆ 22, ಒಳಗೆ 14 ಸಿಕ್ಕಿದವೆಂದು ಇಟ್ಟುಕೊಳ್ಳಿ: ಸರಾಸರಿ 7.4 ಮೀಟರ್. ಒಂದೇ ವೃತ್ತದಿಂದ ತೀರ್ಪು ಬೇಡ. ಮುಖದುದ್ದಕ್ಕೂ ಹತ್ತಾದರೂ ವೃತ್ತ ಹಾಕಿ, ಪ್ರತಿ ಗುಂಪಿಗೂ ಬೇರೆಯಾಗಿ ಎಣಿಸಿ.

ಸರಾಸರಿ ಸಿಕ್ಕಿತೆಂದು ಅದನ್ನೇ ಮಿತಿಯ ಪೆಟ್ಟಿಗೆಯಲ್ಲಿ ಹಾಕಬೇಡಿ, ಏಕೆಂದರೆ ಸರಾಸರಿಗಿಂತ ಉದ್ದದ ಜಾಯಿಂಟ್‌ಗಳೂ ಇರುತ್ತವೆ. ಗಾತ್ರವನ್ನು ನಿರ್ಧರಿಸುವವು ಅವೇ. ಉದ್ದಗಳ ಹಂಚಿಕೆ ಘಾತೀಯವೆಂದು, ಅಂದರೆ ಉದ್ದ ಹೆಚ್ಚಿದಂತೆ ಸಂಖ್ಯೆ ಬೇಗಬೇಗ ಇಳಿಯುತ್ತದೆಂದು, ಹಿಡಿದರೆ, 7.4 ಮೀಟರ್ ಸರಾಸರಿಯಿರುವಲ್ಲಿ ಒಂದು ಜಾಯಿಂಟ್ 5 ಮೀಟರನ್ನು ಮೀರುವ ಸಂಭವ ಶೇಕಡ 51. 10 ಮೀಟರ್ ಎತ್ತರದ ಬೆಣೆಗೆ ಬೇಕಾದ 12.4 ಮೀಟರನ್ನು ಮೀರುವ ಸಂಭವ ಶೇಕಡ 19. 30 ಮೀಟರಿನ ಬೆಣೆಗೆ ಬೇಕಾದ 37 ಮೀಟರನ್ನು ಮೀರುವ ಸಂಭವ ಶೇಕಡ 0.65. ಬೆಣೆಗೆ ಎರಡೂ ಜಾಯಿಂಟ್‌ಗಳು ಉದ್ದವಿರಬೇಕಾದ್ದರಿಂದ ಇವುಗಳ ವರ್ಗವನ್ನು ನೋಡಬೇಕು: ಕ್ರಮವಾಗಿ ಶೇಕಡ 26, ಶೇಕಡ 3.5, ಮತ್ತು ಸುಮಾರು ಇಪ್ಪತ್ತನಾಲ್ಕು ಸಾವಿರದಲ್ಲಿ ಒಂದು. ನಿಮ್ಮ ಮುಖದ ಮೇಲೆ ಇಂಥ ಐವತ್ತು ಜೋಡಿಗಳು ಸಂಧಿಸುತ್ತಿದ್ದರೆ, ಒಂದು ಹಂತವನ್ನು ಪೂರ್ತಿ ಕಚ್ಚುವ ಬೆಣೆ ಒಂದೆರಡಾದರೂ ಇದ್ದೀತು ಎಂದೇ ಎಣಿಸಬೇಕು. ಪೂರ್ಣ ಎತ್ತರದ್ದು ಇರುವ ಸಂಭವ ನಗಣ್ಯ. ಎಸ್‌ವೆಜ್‌ನ ಸಂಭವನೀಯತೆಯ ವಿಶ್ಲೇಷಣೆಯಲ್ಲಿ ಉದ್ದವನ್ನೂ ದಿಕ್ಕನ್ನೂ ಹಂಚಿಕೆಗಳಾಗಿ ಕೊಟ್ಟು ಇದನ್ನೇ ಹೆಚ್ಚು ಅಚ್ಚುಕಟ್ಟಾಗಿ ಮಾಡಬಹುದು, ಆದರೆ ಮೊದಲು ಹೀಗೆ ಕೈಯಲ್ಲಿ ಮಾಡಿ ನೋಡುವುದರಿಂದ ಯಂತ್ರ ಕೊಡುವ ಉತ್ತರ ಹದದಲ್ಲಿದೆಯೇ ಎಂದು ತಿಳಿಯುತ್ತದೆ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ತಲಗಳು ಪೂರ್ತಿ ತುಂಬಿವೆ ಎಂಬ ಮಾದರಿಯಲ್ಲಿ ನೀರಿನ ಒತ್ತಡವೂ ಬೆಣೆಯ ಎತ್ತರದೊಂದಿಗೆ ಬೆಳೆಯುವುದರಿಂದ, ಘರ್ಷಣೆಯ ಪಾಲನ್ನು ಅದು ಎಲ್ಲ ಗಾತ್ರದಲ್ಲೂ ಸಮವಾಗಿ ತಗ್ಗಿಸುತ್ತದೆ, ನಿಮ್ಮಲ್ಲಿ 0.81ರಿಂದ 0.44ಕ್ಕೆ. ಆದರೆ ನಿಸರ್ಗದಲ್ಲಿ ನಾಲ್ಕು ಮೀಟರಿನ ಬೆಣೆ ಒಂದು ಜಡಿಮಳೆಗೆ ತುಂಬಿಬಿಡುತ್ತದೆ, ಮೂವತ್ತು ಮೀಟರಿನದು ತುಂಬುವುದು ಅಪರೂಪ. ಎರಡಕ್ಕೂ ಒಂದೇ ನೀರಿನ ಶೇಕಡಾವಾರು ಕೊಡುವುದು ಸರಿಯಲ್ಲ.

ಆಧಾರದ ಲೆಕ್ಕದಲ್ಲಿ ಗಾತ್ರದ ಆಯ್ಕೆ ಹೇಗೆ ಜೇಬಿಗೆ ತಾಗುತ್ತದೆ ಎಂಬುದನ್ನೂ ನೋಡಿ. ಕೊಹೆಷನ್ ಇಲ್ಲದೆ, ಒಣ ಸ್ಥಿತಿಯಲ್ಲಿ, 0.81ರಿಂದ 1.3ಕ್ಕೆ ಏರಿಸಲು ಜಾರುವ ದಿಕ್ಕಿಗೆ ಎದುರಾಗಿ ಬೇಕಾಗುವ ಬಲ ತೂಕದ ಮೂರನೆಯ ಒಂದು ಪಾಲು. ನಾಲ್ಕು ಮೀಟರಿನ ಬೆಣೆಗೆ ಅದು ಸುಮಾರು 105 ಕಿಲೋನ್ಯೂಟನ್. 25 ಮಿಲಿಮೀಟರಿನ ಎಫ್‌ಇ 500 ದರ್ಜೆಯ ಉಕ್ಕಿನ ಸರಳೊಂದರ ಇಳುವರಿ ಬಲ (ಶಾಶ್ವತವಾಗಿ ಹಿಗ್ಗದೆ ತಡೆಯುವ ಬಲ) 245 ಆದ್ದರಿಂದ ಒಂದೇ ಸರಳು ಸಾಕು. ಹತ್ತು ಮೀಟರಿನದಕ್ಕೆ 1,630, ಅಂದರೆ ಏಳು ಸರಳು. ಮೂವತ್ತು ಮೀಟರಿನದಕ್ಕೆ 44,000, ಅಂದರೆ ನೂರ ಎಂಬತ್ತು. ಮುಖದ ಪ್ರತಿ ಚದರ ಮೀಟರಿಗೆ ಹಂಚಿದರೆ ಕ್ರಮವಾಗಿ 9, 23 ಮತ್ತು 69 ಕಿಲೋನ್ಯೂಟನ್. ಸರಳಿನ ಸಂಖ್ಯೆಗಿಂತ ಉದ್ದವೇ ಹೆಚ್ಚಾಗಿ ತಪ್ಪುವುದು: ಅಂಚಿನ ಬಳಿ ಛೇದನ ರೇಖೆ ಮುಖದಿಂದ ಎತ್ತರದ 0.79ರಷ್ಟು ಆಳದಲ್ಲಿರುತ್ತದೆ. ನಾಲ್ಕು ಮೀಟರಿನ ಬೆಣೆಗೆ ಅದು 3.2 ಮೀಟರ್, ಹತ್ತು ಮೀಟರಿನದಕ್ಕೆ 7.9 ಮೀಟರ್. ಕಾಮಗಾರಿಯಲ್ಲಿ ರೂಢಿಯಾಗಿರುವ 4 ಮೀಟರಿನ ಬೋಲ್ಟ್‌ಗಳು ದೊಡ್ಡ ಬೆಣೆಯ ಮೇಲ್ಭಾಗದಲ್ಲಿ ಬೆಣೆಯೊಳಗೇ ಮುಗಿದು, ಬೆಣೆಯನ್ನು ಬೆಣೆಗೇ ಕಟ್ಟಿದಂತೆ ಆಗುತ್ತದೆ.

ಹಾಗಾಗಿ ವರದಿಯಲ್ಲಿ ಮೂರು ಗಾತ್ರಗಳನ್ನು ಬರೆಯಿರಿ. ಪೊಟರೆಗಳ ಅಳತೆಯ, ಸುಮಾರು 4 ಮೀಟರಿನ ಬೆಣೆ: ಕೊಹೆಷನ್ ಇಲ್ಲದೆ, ನೀರು ತುಂಬಿ, ಇದಕ್ಕೆ ಬಲೆ ಮತ್ತು ಬಿಡಿ ಬೋಲ್ಟ್. ಒಂದು ಹಂತವನ್ನು ಪೂರ್ತಿ ಹಿಡಿಯುವ 10 ಮೀಟರಿನ, ಸುಮಾರು 500 ಟನ್ ತೂಕದ ಬೆಣೆ: ನನ್ನ ದೃಷ್ಟಿಯಲ್ಲಿ ಸಾಲು ಬೋಲ್ಟ್‌ಗಳ ವಿನ್ಯಾಸವನ್ನು ಆಳಬೇಕಾದದ್ದು ಇದೇ. ನಿಮ್ಮ ಅಂಕಿಗಳಲ್ಲಿ ಇದಕ್ಕೆ ಒಣಗಿದ್ದಾಗ 1.79, ನೀರು ತುಂಬಿದಾಗ 1.42 ಬರುತ್ತದೆ, ಆದರೆ ತಲಗಳ ಮೇಲಿನ ಒತ್ತಡ 35 ಕಿಲೋಪಾಸ್ಕಲ್ ಮಾತ್ರವಾದ್ದರಿಂದ ಆ 25ನ್ನು ಇಲ್ಲಿಯೂ ನಂಬದೆ ಬಾಗಿದ ಗೆರೆಯಿಂದ ಮತ್ತೆ ಲೆಕ್ಕ ಹಾಕಿ. ಪ್ರತಿ ಗಾತ್ರದ ಪಕ್ಕದಲ್ಲೂ ಅದಕ್ಕೆ ಬೇಕಾದ ಟ್ರೇಸ್ ಉದ್ದವನ್ನೂ, ಆ ಉದ್ದ ನಿಮ್ಮ ಎಣಿಕೆಯಲ್ಲಿ ಎಷ್ಟು ಸಂಭವನೀಯ ಎಂಬುದನ್ನೂ ನಮೂದಿಸಿದರೆ ಓದುವವರಿಗೆ ಪ್ರಶ್ನೆ ಉಳಿಯುವುದಿಲ್ಲ.

ಮೂರನೆಯದು ಪೂರ್ಣ ಎತ್ತರದ್ದು. ಜಾಯಿಂಟ್ ಗುಂಪುಗಳಿಂದ ಅದು ಆಗದು ಎಂದು ಮೇಲೆ ಹೇಳಿದೆ. ಆದರೆ ನೀವು ಪ್ರಶ್ನೆಯ ಕೊನೆಯಲ್ಲಿ ಸೇರಿಸಿದ ಡೈಕಿಗೆ ಈ ಅಂಕಿಅಂಶವೆಲ್ಲ ಅನ್ವಯಿಸುವುದಿಲ್ಲ. ಜಾಯಿಂಟಿಗೆ ತುದಿಯಿದೆ, ಸ್ತರಭಂಗಕ್ಕೂ (ಬಂಡೆ ಒಡೆದು ಸರಿದ ದೊಡ್ಡ ಬಿರುಕಿಗೂ) ಡೈಕಿನ ಸಂಪರ್ಕ ತಲಕ್ಕೂ ನಿಮ್ಮ ಕಟಿಂಗಿನ ಅಳತೆಯಲ್ಲಿ ತುದಿಯಿಲ್ಲ. ಫ್ರಾನ್ಸಿನ ಮಾಲ್‌ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರ ರಾತ್ರಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತಾಗ, ತನಿಖೆಯಲ್ಲಿ ಎಡದಂಡೆಯ ಅಡಿಪಾಯದ ನೈಸ್ ಬಂಡೆಯಲ್ಲಿ ಕಂಡದ್ದು ಇಂತಹ ಬೆಣೆಯೇ: ಒಂದು ಬದಿಗೆ ನೈಸಿನ ಪದರ ತಲ, ಇನ್ನೊಂದು ಬದಿಗೆ ಕಟ್ಟುವಾಗ ಯಾರ ಗಮನಕ್ಕೂ ಬಾರದ ಸ್ತರಭಂಗ, ಮೇಲೆತ್ತಲು ನೀರಿನ ಒತ್ತಡ. ಫ್ರೆಂಚ್ ಎಂಜಿನಿಯರ್ ಪಿಯೆರ್ ಲೋಂದ್ ಮೂರು ಆಯಾಮದ ಬೆಣೆ ವಿಶ್ಲೇಷಣೆಯನ್ನು ರೂಪಿಸಿದ್ದು ಆ ದುರಂತದ ನಂತರವೇ.

ಆದ್ದರಿಂದ ಡೈಕಿನ ಎರಡೂ ಸಂಪರ್ಕ ತಲಗಳ ಡಿಪ್ಪನ್ನೂ ದಿಕ್ಕನ್ನೂ ಬೇರೆಯಾಗಿ ಅಳೆಯಿರಿ. ಅಂಚಿನಲ್ಲಿ ಡಾಲರೈಟ್ ಕೊಳೆತು ಜೇಡಿಯಾಗಿದೆಯೇ ಎಂದು ಕೈಯಲ್ಲಿ ಉಜ್ಜಿ ನೋಡಿ. ಮಳೆ ನಿಂತ ಮೂರನೆಯ ದಿನವೂ ಅಲ್ಲಿಂದ ನೀರು ಒಸರುತ್ತಿದೆಯೇ ಎಂಬುದನ್ನು ಬರೆದಿಡಿ. ನಂತರ ಸಂಪರ್ಕ ತಲವನ್ನು ಒಂದು ಜಾಯಿಂಟ್ ಎಂದು ಹಿಡಿದು, ಎರಡು ಗುಂಪುಗಳ ಜೊತೆಗೂ ಒಂದೊಂದು ಬಾರಿ ಜೋಡಿಸಿ. ಡೈಕಿನ ಬದಿಗೆ ಉದ್ದದ ಮಿತಿ ಹಾಕಬೇಡಿ, ಜಾಯಿಂಟಿನ ಬದಿಗೆ ಮಾತ್ರ ಹಾಕಿ, ಮತ್ತು ಆ ಜಾಯಿಂಟ್ ಗುಂಪಿನಲ್ಲಿ ನೀವು ಕಂಡ ಅತಿ ಉದ್ದದ ಗೆರೆಯನ್ನೇ ಮಿತಿಯಾಗಿ ಕೊಡಿ. ಜೇಡಿ ಸಿಕ್ಕಿದರೆ ಘರ್ಷಣ ಕೋನವನ್ನು ಬಂಡೆಯದರಿಂದಲ್ಲ, ಆ ಜೇಡಿಯ ಪರೀಕ್ಷೆಯಿಂದ ತೆಗೆದುಕೊಳ್ಳಿ. ಈ ಎರಡು ಲೆಕ್ಕಗಳ ಉತ್ತರ ಬರುವ ತನಕ ಪೂರ್ವ ತುದಿಯ ಕೆಳಹಂತವನ್ನು ಕಡಿಯುವುದನ್ನು ತಡೆದಿಡುವಂತೆ ಗುತ್ತಿಗೆದಾರರಿಗೆ ಬರಹದಲ್ಲಿ ತಿಳಿಸಿ.